ಕಣ್ಣಿಗೊಂದು ಗೋಡೆ, ಕಿವಿಗೊಂದು ಗೋಡೆ

ನಮ್ಮೂರಿನ ಶಾಲೆಗೆ ಇದ್ದದ್ದು ಒಂದೇ ಒಂದು ಉದ್ದನೆಯ ಹಾಲು. ಅದರ ನಡುವೆ ಒಂದು ಬಿದಿರಿನ ತಡಿಕೆ. ತಡಿಕೆಯ ಈ ಕಡೆ ಮೂರನೇ ಕ್ಲಾಸು, ಆ ಕಡೆ ನಾಲ್ಕನೇ ಕ್ಲಾಸು. ಒಂದು ಮತ್ತು ಎರಡನೇ ಕ್ಲಾಸಿನವರು ಹೊರಗೆ ಜಗುಲಿಯ ಮೇಲೆ. ನಮ್ಮ ಕಡೆ ಟೀಚರ್ ಪದ್ಯ ಹೇಳಿಸುತ್ತಿದ್ದರೆ ಆ ಕಡೆಯಿಂದ "ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು" ಅಂತ ಮಗ್ಗಿ ಬರುತ್ತಿತ್ತು. ಎರಡೂ ಸೇರಿ ಒಂದು ಹೊಸ ಪದ್ಯವೇ ಆಗಿಬಿಡುತ್ತಿತ್ತು. ಮಲೆನಾಡಿನ ಜೂನ್-ಜುಲೈ ಬಂತೆಂದರೆ ಮಳೆಯ ಸದ್ದು ಇವೆರಡನ್ನೂ ನುಂಗಿಹಾಕುತ್ತಿತ್ತು. ಆಗ ಟೀಚರ್ "ಕಾಪಿ ಬರೀರಿ" ಅಂತ ಹೇಳಿ ಸುಮ್ಮನೆ ಕೂರುತ್ತಿದ್ದರು.

ನನ್ನ ಜೊತೆ ಒಬ್ಬ ಹುಡುಗ ಓದುತ್ತಿದ್ದ. ಹೆಸರು ಬೇಡ ಬಿಡಿ. ತಡಿಕೆಗೆ ಅಂಟಿಕೊಂಡು, ಸಾಲಿನ ಬಲತುದಿಯಲ್ಲಿ ಕೂರುತ್ತಿದ್ದ. ಮಳೆಗಾಲದಲ್ಲಿ ಅವನ ಕಿವಿ ಸೋರುತ್ತಿತ್ತು. ಅವನ ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ತುರುಕಿ ಕಳಿಸುತ್ತಿದ್ದರು. ಟೀಚರ್ ಏನು ಕೇಳಿದರೂ ಎದ್ದು ನಿಂತು ಪಿಳಿಪಿಳಿ ನೋಡುತ್ತಿದ್ದ. ಆದರೆ ಒಂದು ದಿನ, ಯಾಕೋ ಏನೋ, ಹದಿಮೂರರ ಮಗ್ಗಿಯನ್ನು ಒಂದೂ ತಪ್ಪಿಲ್ಲದೆ ಹೇಳಿಬಿಟ್ಟ. ನಮಗಿನ್ನೂ ಹತ್ತರ ತನಕ ಮಾತ್ರ ಆಗಿತ್ತು! "ಮೂರನೇ ಕ್ಲಾಸಿನ ಪಾಠ ಬರಲ್ಲ, ನಾಲ್ಕನೇ ಕ್ಲಾಸಿನದು ಬರುತ್ತೆ, ಇವನನ್ನ ಎಲ್ಲಿ ಕೂರಿಸೋಣ?" ಅಂದರು ಟೀಚರ್. ಎಲ್ಲರೂ ನಕ್ಕೆವು. ನಾನೂ ನಕ್ಕಿದ್ದೆ. ಅವನು ಮೂರನೇ ಕ್ಲಾಸಿನಲ್ಲೇ ಎರಡು ವರ್ಷ ಕೂತು, ಆಮೇಲೆ ಶಾಲೆ ಬಿಟ್ಟ.

ಈ ತಡಿಕೆ ನನ್ನ ತಲೆಯಲ್ಲಿ ಬಹಳ ವರ್ಷಗಳಿಂದ ಕೂತಿದೆ. ಶಾಲೆಯಲ್ಲಿ ಗೋಡೆ ಯಾಕೆ ಬಂತು, ಯಾವಾಗ ಬಂತು, ಬಂದದ್ದನ್ನು ಯಾರು ಕೆಡವಿದರು, ಕೆಡವಿದವರು ಮತ್ತೆ ಯಾಕೆ ಕಟ್ಟಿದರು ಅಂತ ಓದುತ್ತಾ ಹೋದೆ. ಇದೂ ಒಂದು ಇತಿಹಾಸವೇ? ಹೌದು, ಅದೂ ಇನ್ನೂರು ವರ್ಷಕ್ಕೂ ಮೀರಿದ ಇತಿಹಾಸ. ಮಜಾ ಏನೆಂದರೆ ಅದು ಶುರುವಾಗುವುದು ನಮ್ಮ ಪಕ್ಕದ ಮದರಾಸಿನಲ್ಲಿ.

*

ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1787ರಲ್ಲಿ ಮದರಾಸಿಗೆ ಬಂದ. 1789ರಲ್ಲಿ ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಣೆ ಅವನ ಪಾಲಿಗೆ ಬಂತು. ಯುರೋಪಿಯನ್ ಸಿಪಾಯಿಗಳಿಗೆ ಇಲ್ಲಿನ ಹೆಂಗಸರಲ್ಲಿ ಹುಟ್ಟಿದ ಮಕ್ಕಳ ಶಾಲೆ ಅದು. ಮಾಸ್ತರರು ಸಾಲದು, ಇದ್ದವರಿಗೂ ಹೊಸದು ಬೇಡ. ಒಂದು ದಿನ ಬೆಲ್ ಕುದುರೆ ಮೇಲೆ ಹೋಗುತ್ತಿದ್ದಾಗ ಒಂದು ದೇಸೀ ಶಾಲೆಯಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಲ್ಲಿ ಅಕ್ಷರ ತಿದ್ದುವುದನ್ನು ನೋಡಿದ. ತನ್ನ ಶಾಲೆಯಲ್ಲಿ ಹಾಗೆ ಮಾಡಿಸಲು ಹೋದರೆ ಮಾಸ್ತರರು ಒಪ್ಪಲಿಲ್ಲ. ಆಗ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೇ ಚಿಕ್ಕವರಿಗೆ ಅಕ್ಷರ ಕಲಿಸುವ ಕೆಲಸ ಕೊಟ್ಟ. ಹುಡುಗ ಕಲಿಸಿದ! ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವ ಈ ಪದ್ಧತಿಯ ಬಗ್ಗೆ ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಅದಕ್ಕೆ 'ಮದರಾಸ್ ಪದ್ಧತಿ' ಎಂದೇ ಹೆಸರಾಯಿತು.

ನಮ್ಮ ಕಡೆಯ ಕೂಲಿಮಠಗಳೂ ಹೆಚ್ಚುಕಡಿಮೆ ಇಂಥವೇ. ಯಾರದೋ ಮನೆಯ ಜಗುಲಿ, ಗುಡಿಯ ಪಡಸಾಲೆ, ಮರದ ನೆರಳು. ಐಗಳು ಹೇಳುವುದು, ದೊಡ್ಡ ಹುಡುಗ ಮುಂದೆ ನಿಂತು ಹೇಳಿಕೊಡುವುದು, ಉಳಿದವರು ಒಟ್ಟಾಗಿ ಕೂಗುವುದು. ಅಲ್ಲಿ ಗದ್ದಲವೇ ಪಾಠ. ಕೂಗು ಕೇಳಿಸಿದರೆ ಮಠ ನಡೆಯುತ್ತಿದೆ ಎಂದು ಬೀದಿಯವರಿಗೆಲ್ಲ ಗೊತ್ತಾಗುತ್ತಿತ್ತು. ಎಲ್ಲರೂ ಒಂದೇ ಪಾಠ ಕೂಗುವಾಗ, ಅದೂ ತೆರೆದ ಜಾಗದಲ್ಲಿ ಕೂಗುವಾಗ, ಸದ್ದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ತೊಂದರೆ ಶುರುವಾಗುವುದು ಬೇರೆ ಬೇರೆ ಪಾಠಗಳನ್ನು ಒಂದೇ ಸೂರಿನ ಕೆಳಗೆ, ನಾಲ್ಕು ಗೋಡೆಯೊಳಗೆ ತುಂಬಿದಾಗ.

ಅದನ್ನು ಮಾಡಿದವನು ಜೋಸೆಫ್ ಲ್ಯಾಂಕಾಸ್ಟರ್. ಲಂಡನ್ನಿನ ಸೌತ್‌ವರ್ಕಿನಲ್ಲಿ 1798ರಲ್ಲಿ ಬಡಮಕ್ಕಳಿಗಾಗಿ ಶಾಲೆ ಶುರುಮಾಡಿದ. ಬೆಲ್‌ನ ಹಾಗೆ ಇವನೂ ಮಕ್ಕಳನ್ನೇ 'ಮಾನಿಟರ್' ಮಾಡಿದ. ಒಬ್ಬ ಮಾಸ್ತರ, ಒಂದು ದೊಡ್ಡ ಕೋಣೆ, ನೂರಾರು ಮಕ್ಕಳು! ಒಬ್ಬ ಮಾಸ್ತರ ಸಾವಿರ ಮಕ್ಕಳಿಗೆ ಕಲಿಸಬಹುದು ಅನ್ನುವುದು ಅವನ ವಾದ. (ನಮ್ಮ ಕ್ಲಾಸ್ ಲೀಡರ್ ಇದ್ದನಲ್ಲ, ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುತ್ತಿದ್ದವನು, ಅವನ ಮುತ್ತಜ್ಜ ಈ ಮಾನಿಟರ್.)

ಅಷ್ಟು ಮಕ್ಕಳ ಕೋಣೆಯಲ್ಲಿ ಮಾಸ್ತರ ಬಾಯಲ್ಲಿ ಹೇಳಿದ್ದು ಯಾರಿಗೆ ಕೇಳಿಸೀತು? ಅದಕ್ಕೆ ಲ್ಯಾಂಕಾಸ್ಟರ್ ಕಿವಿಯ ಕೆಲಸವನ್ನು ಕಣ್ಣಿಗೆ ಕೊಟ್ಟ. 'ಟೆಲಿಗ್ರಾಫ್' ಎಂದು ಕರೆಯುತ್ತಿದ್ದ ಒಂದು ಕಂಬದಲ್ಲಿ ಅಕ್ಷರಗಳ ಹಲಗೆ ತಿರುಗಿಸಿದರೆ ಎಲ್ಲರೂ ಸ್ಲೇಟು ಎತ್ತಿ ತೋರಿಸಬೇಕು. ಇನ್ನೊಂದು ತಿರುಗಿಸಿದರೆ ಇನ್ನೊಂದು ಅಪ್ಪಣೆ. ಹಿಂದಿನ ಸಾಲಿನವರೂ ಮಾಸ್ತರನಿಗೆ ಕಾಣಲೆಂದು ನೆಲವನ್ನೇ ಇಳಿಜಾರಾಗಿ ಕಟ್ಟಬೇಕೆಂದ. 1809ರಲ್ಲಿ ಶಾಲಾ ಕೋಣೆಯನ್ನು ಕಟ್ಟುವುದು ಹೇಗೆ, ಒಳಗೆ ಏನೇನು ಎಲ್ಲೆಲ್ಲಿ ಇಡಬೇಕು ಎಂದೇ ಒಂದು ಪುಸ್ತಿಕೆ ಬರೆದ. ಜೆರೆಮಿ ಬೆಂಥಮ್ ಎಂಬ ಚಿಂತಕ ಇದನ್ನು ಇನ್ನೂ ಮುಂದಕ್ಕೆ ಒಯ್ದ. ನಡುವೆ ಕೂತ ಒಬ್ಬನಿಗೆ ಎಲ್ಲರೂ ಕಾಣುವಂಥ ಜೈಲಿನ ನಕ್ಷೆ ಹಾಕಿದವನು ಇವನೇ. 1816ರಲ್ಲಿ ಅದೇ ಮಾದರಿಯ ಶಾಲೆಯನ್ನೂ ಸೂಚಿಸಿದ.

ಇಲ್ಲಿ ಒಂದು ವಿಷಯ ಗಮನಿಸಿ. ಕೋಣೆಯ ಅಳತೆ, ನೆಲದ ಓಟ, ಮೇಜಿನ ಜಾಗ ಇವನ್ನೆಲ್ಲ ನಿರ್ಧರಿಸಿದ್ದು ಮಾಸ್ತರನ ಕಣ್ಣು. ಮಗುವಿನ ಕಿವಿ ಅಲ್ಲ. ಮುಂದಿನ ಕತೆಯೆಲ್ಲ ಹೆಚ್ಚುಕಡಿಮೆ ಇದರದೇ ವಿಸ್ತರಣೆ.

*

ಮಕ್ಕಳೇ ಮಕ್ಕಳಿಗೆ ಹೇಳಿಕೊಟ್ಟದ್ದು ಬಾಯಿಪಾಠದ ಮಟ್ಟಕ್ಕೆ ನಿಂತುಹೋಗುತ್ತಿದೆ ಎಂಬ ದೂರು ಇಂಗ್ಲೆಂಡಿನಲ್ಲಿ ಎದ್ದಿತು. 1846ರಲ್ಲಿ ಸರ್ಕಾರ 'ಪ್ಯೂಪಿಲ್ ಟೀಚರ್' ಎಂಬ ಪದ್ಧತಿ ತಂದಿತು. 13 ವರ್ಷ ತುಂಬಿದ ಹುಡುಗ ಹುಡುಗಿಯರು ಐದು ವರ್ಷ ಶಾಲೆಯಲ್ಲೇ ಕಲಿಸುತ್ತಾ ಕಲಿಯುವುದು. ಈಗ ಒಂದೇ ಕೋಣೆಯಲ್ಲಿ ಮೂರು ನಾಲ್ಕು ಜನ ಒಟ್ಟಿಗೆ ಬಾಯಿಬಿಟ್ಟು ಪಾಠ ಮಾಡಬೇಕಾಯಿತು. ಏನು ಮಾಡುವುದು? 1851ರ ಸರ್ಕಾರಿ ಸೂಚನೆಯಲ್ಲಿ ಅದಕ್ಕೊಂದು ಉಪಾಯವಿದೆ. ಮೇಜುಗಳನ್ನು ಗುಂಪು ಗುಂಪಾಗಿ ಇಟ್ಟು ನಡುವೆ ಪರದೆ ಎಳೆಯಿರಿ.

ಪರದೆ! ನಮ್ಮ ತಡಿಕೆಯ ಅಣ್ಣ. ಪಕ್ಕದ ಗುಂಪಿನವರು ಕಾಣುವುದಿಲ್ಲ, ಹಾಗಾಗಿ ಅತ್ತ ಇತ್ತ ನೋಡುವುದು ತಪ್ಪುತ್ತದೆ. ಬೇಕಾದಾಗ ಸರಿಸಿದರೆ ಹೆಡ್ಮಾಸ್ತರನಿಗೆ ಎಲ್ಲರೂ ಕಾಣುತ್ತಾರೆ. ಆದರೆ ಸದ್ದು? ಬಟ್ಟೆಗೆ ತೂಕವಿಲ್ಲ. ಸದ್ದನ್ನು ತಡೆಯುವುದು ತೂಕ. ಮಣ್ಣಿನ ಗೋಡೆ, ಇಟ್ಟಿಗೆ ಗೋಡೆ ತಡೆಯುತ್ತದೆ. ಬಟ್ಟೆ, ಬಿದಿರು, ಪ್ಲೈವುಡ್ಡು ತಡೆಯುವುದಿಲ್ಲ. ಹಾಗೆ ಪರದೆ ಕಣ್ಣಿಗೆ ಗೋಡೆಯಾಯಿತು, ಕಿವಿಗೆ ಗೋಡೆಯಾಗಲಿಲ್ಲ.

ಅತ್ತ ಜರ್ಮನಿಯ ಪ್ರಷ್ಯಾದಲ್ಲಿ ಬೇರೆ ದಾರಿ ಹಿಡಿದಿದ್ದರು. ಒಂದು ವಯಸ್ಸಿನ ಮಕ್ಕಳಿಗೆ ಒಂದು ತರಗತಿ, ಒಂದು ತರಗತಿಗೆ ಒಂದು ಕೋಣೆ, ಒಂದು ಕೋಣೆಗೆ ತರಬೇತಾದ ಒಬ್ಬ ಶಿಕ್ಷಕ. ಅಮೆರಿಕದ ಹೊರೇಸ್ ಮನ್ 1843ರಲ್ಲಿ ಹೋಗಿ ಇದನ್ನು ನೋಡಿಕೊಂಡು ಬಂದ, ತುಂಬಾ ಹೊಗಳಿ ಬರೆದ. 1847ರಲ್ಲಿ ಬಾಸ್ಟನ್ನಿನಲ್ಲಿ ಕ್ವಿನ್ಸಿ ಶಾಲೆ ಎದ್ದಿತು. ನಾಲ್ಕು ಅಂತಸ್ತು, 12 ಕೋಣೆ, ಒಂದೊಂದು ಕೋಣೆಯಲ್ಲಿ 56 ಮಕ್ಕಳು, ಪ್ರತಿ ಮಗುವಿಗೂ ಬೇರೆ ಡೆಸ್ಕು. ಇವತ್ತು ನಾವು 'ಶಾಲೆ' ಅಂದ ಕೂಡಲೇ ಕಣ್ಣಮುಂದೆ ಬರುವ ಚಿತ್ರ ಇದೆಯಲ್ಲ, ಉದ್ದನೆಯ ಕಟ್ಟಡದಲ್ಲಿ ಸಾಲಾಗಿ ಕೋಣೆಗಳು, ಅದು ಇಂಥ ಶಾಲೆಗಳಿಂದಲೇ ಹರಡಿದ್ದು.

ಲಂಡನ್ ಈ ಮಾದರಿಗೆ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. ಕಾರಣ ದುಡ್ಡು. ಗೋಡೆ ಕಟ್ಟಿದರೆ ಸಾಲದು, ಗೋಡೆಯ ಆ ಕಡೆ ನಂಬಿಕಸ್ಥ ಶಿಕ್ಷಕ ಬೇಕು. ಹದಿನಾಲ್ಕು ವರ್ಷದ ಪ್ಯೂಪಿಲ್ ಟೀಚರನ್ನು ಅರವತ್ತು ಮಕ್ಕಳ ಜೊತೆ ಮುಚ್ಚಿದ ಕೋಣೆಯಲ್ಲಿ ಬಿಡುವುದು ಹೇಗೆ? ಲಂಡನ್ ಶಾಲಾ ಮಂಡಳಿಯ ವಾಸ್ತುಶಿಲ್ಪಿ ಇ. ಆರ್. ರಾಬ್ಸನ್ 1874ರಲ್ಲಿ ಶಾಲಾ ಕಟ್ಟಡಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಆ ಕಾಲದ ಶಾಲೆಗಳಲ್ಲಿ ಕೋಣೆ ಕೋಣೆಯ ನಡುವೆ ಗಾಜಿನ ತಡೆಗಳು ಬಂದವು. ಪಕ್ಕದ ಪಾಠ ಕೇಳಿಸುವುದು ಕಡಿಮೆಯಾಗಬೇಕು, ಆದರೆ ಹೆಡ್ಮಾಸ್ತರನಿಗೆ ಎಲ್ಲವೂ ಕಾಣಬೇಕು.

ಪರದೆಯನ್ನೂ ಗಾಜನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಪರದೆ ನೋಟವನ್ನು ತಡೆಯಿತು, ಸದ್ದನ್ನು ಬಿಟ್ಟಿತು. ಗಾಜು ಸದ್ದನ್ನು ಒಂದಿಷ್ಟು ತಡೆಯಿತು, ನೋಟವನ್ನು ಬಿಟ್ಟಿತು. ಗೋಡೆ ಅನ್ನುವುದು ಒಂದು ವಸ್ತುವಾದರೂ ಮಾಡುವುದು ಎರಡು ಕೆಲಸ. ಇದು ಗೊತ್ತಿದ್ದೂ ಜನ ಮತ್ತೆ ಮತ್ತೆ ಮರೆತರು.

*

ಇಲ್ಲಿಯವರೆಗೆ ಸದ್ದಿನ ವಿಷಯದಲ್ಲಿ ಎಲ್ಲರೂ ಅಂದಾಜಿನ ಮೇಲೆಯೇ ನಡೆಯುತ್ತಿದ್ದರು. ಒಂದು ಕೋಣೆಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುವುದು, ಇನ್ನೊಂದರಲ್ಲಿ ಕಲಸಿಹೋಗುವುದು ಯಾಕೆ ಅನ್ನುವುದಕ್ಕೆ ಲೆಕ್ಕ ಸಿಕ್ಕಿದ್ದು 1895ರ ನಂತರ. ಅದೂ ಒಂದು ಪಾಠದ ಕೋಣೆಯಲ್ಲೇ!

ಹಾರ್ವರ್ಡ್ ವಿಶ್ವವಿದ್ಯಾಲಯದವರು ಫಾಗ್ ಕಲಾ ಸಂಗ್ರಹಾಲಯದಲ್ಲಿ ಹೊಸ ಉಪನ್ಯಾಸದ ಹಾಲ್ ಕಟ್ಟಿದ್ದರು. ಅಲ್ಲಿ ಯಾರು ಏನು ಹೇಳಿದರೂ ಅರ್ಥವಾಗುತ್ತಿರಲಿಲ್ಲ. ಒಂದು ಪದ ಹೇಳಿದರೆ ಅದರ ಗುಂಗು ಸುಮಾರು ಐದೂವರೆ ಸೆಕೆಂಡು ಕೋಣೆಯಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಮಾತಾಡುವವನು ಇನ್ನೊಂದು ವಾಕ್ಯ ಮುಗಿಸಿರುತ್ತಾನೆ. ಇದನ್ನು ಸರಿಮಾಡು ಎಂದು ವಿಶ್ವವಿದ್ಯಾಲಯದ ಅಧ್ಯಕ್ಷರು ಹೇಳಿದ್ದು ವ್ಯಾಲೇಸ್ ಸಬೈನ್ ಎಂಬ 27 ವರ್ಷದ ಭೌತಶಾಸ್ತ್ರದ ಮೇಷ್ಟ್ರಿಗೆ. ಸಬೈನ್ ನಡುರಾತ್ರಿಯ ನಂತರ, ಊರು ಮಲಗಿದ ಮೇಲೆ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಪೂರ್ತಿ ಅಡಗಲು ಎಷ್ಟು ಹೊತ್ತು ಬೇಕು ಎಂದು ಅಳೆಯತೊಡಗಿದ. ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಹಾಸುವುದು, ಅಳೆಯುವುದು, ಬೆಳಗಾಗುವ ಮೊದಲು ವಾಪಸ್ ಇಡುವುದು. ಹೀಗೆ ಮೂರು ವರ್ಷ.

ಕೊನೆಗೆ ಸಿಕ್ಕಿದ ಸೂತ್ರ ತುಂಬಾ ಸರಳ. ಕೋಣೆಯ ಘನ ಅಳತೆಯನ್ನು 0.16ರಿಂದ ಗುಣಿಸಿ, ಅದನ್ನು ಕೋಣೆಯ ಒಟ್ಟು 'ಹೀರುವಿಕೆ'ಯಿಂದ ಭಾಗಿಸಿದರೆ ಅನುರಣನದ ಕಾಲ ಸಿಗುತ್ತದೆ (ಅಳತೆ ಮೀಟರಿನಲ್ಲಿ, ಉತ್ತರ ಸೆಕೆಂಡಿನಲ್ಲಿ). ಹೀರುವಿಕೆಗೆ ಸಬೈನ್ ಬಳಸಿದ ಮೂಲಮಾನ ಏನು ಗೊತ್ತೇ? ತೆರೆದ ಕಿಟಕಿ! ತೆರೆದ ಕಿಟಕಿಗೆ ಹೋದ ಸದ್ದು ವಾಪಸ್ ಬರುವುದಿಲ್ಲವಲ್ಲ, ಅದಕ್ಕೆ. ಒಂದು ಚದರ ಮೀಟರ್ ತೆರೆದ ಕಿಟಕಿ ಅಂದರೆ ಪೂರ್ತಿ ಒಂದು ಅಂಕ.

ನಾನೂ ಒಂದು ಲೆಕ್ಕ ಹಾಕಿ ನೋಡಿದೆ. ನಮ್ಮ ಕಡೆ ಇರುವಂಥ ಒಂದು ಆರ್‌ಸಿಸಿ ಕೋಣೆ ತೆಗೆದುಕೊಳ್ಳಿ. 6 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ. ಸಿಮೆಂಟು ಗೋಡೆ, ಸಿಮೆಂಟು ನೆಲ, ಸಿಮೆಂಟು ತಾರಸಿ. ಇವು ಬಿದ್ದ ಸದ್ದಿನ ನೂರರಲ್ಲಿ ಮೂರು ಪಾಲನ್ನಷ್ಟೇ ಹೀರುತ್ತವೆ ಎಂದಿಟ್ಟುಕೊಳ್ಳೋಣ. ಖಾಲಿ ಕೋಣೆ, ಕಿಟಕಿ ಮುಚ್ಚಿದೆ. ಅನುರಣನ ಸುಮಾರು 4 ಸೆಕೆಂಡು! ಗುಡಿಯ ಒಳಗಿನ ಹಾಗೆ. 35 ಮಕ್ಕಳು ಬಂದು ಕೂತರು, ಮಕ್ಕಳ ಮೈ, ಬಟ್ಟೆ ಸದ್ದು ಹೀರುತ್ತವೆ. ಈಗ ಸುಮಾರು 1 ಸೆಕೆಂಡು. ಒಂದು ಗಜಕ್ಕಿಂತ ಸ್ವಲ್ಪ ದೊಡ್ಡದಾದ ನಾಲ್ಕು ಕಿಟಕಿ ತೆರೆದರೆ ಮುಕ್ಕಾಲು ಸೆಕೆಂಡು. ಅಂದಾಜು ಲೆಕ್ಕ, ಇಂಜಿನಿಯರ್ ಮಿತ್ರರು ಕಿವಿ ಹಿಂಡಬೇಡಿ. ಆದರೆ ಕಿಟಕಿ ತೆರೆದರೆ ಆಚೆ ಬಸ್ಸಿನ ಹಾರ್ನು, ಹಿಟ್ಟಿನ ಗಿರಣಿ ಒಳಗೆ ಬರುತ್ತವೆ. ಮುಚ್ಚಿದರೆ ನಮ್ಮದೇ ಮಾತು ನಮ್ಮ ಮೇಲೆ ಬೀಳುತ್ತದೆ. ಹಂಚಿನ ಮಾಡು, ಮಣ್ಣಿನ ನೆಲದ ಹಳೆ ಶಾಲೆಯಲ್ಲಿ ಮಳೆಯ ಸದ್ದಿತ್ತು, ಆದರೆ ಸಂದುಗೊಂದು ಬೇಕಾದಷ್ಟಿದ್ದು ಈ ಗುಂಗು ಇರಲಿಲ್ಲ. 'ಪಕ್ಕಾ ಕಟ್ಟಡ' ಬಂದ ಮೇಲೆ ಟೀಚರುಗಳ ಗಂಟಲು ಇನ್ನಷ್ಟು ಕಟ್ಟುತ್ತಿದ್ದರೆ ಆಶ್ಚರ್ಯವಿಲ್ಲ.

*

ಇಷ್ಟೆಲ್ಲ ಗೊತ್ತಾದ ಮೇಲೆ ಸಮಸ್ಯೆ ಮುಗಿಯಬೇಕಿತ್ತು. ಆದದ್ದು ಉಲ್ಟಾ. ಎರಡನೇ ಮಹಾಯುದ್ಧದ ನಂತರ ಗೋಡೆಗಳನ್ನೇ ಕೆಡವುವ ಕಾಲ ಬಂತು.

ಅವರ ಕಾರಣಗಳು ಸಣ್ಣವಲ್ಲ. ಸಾಲಾಗಿ ಕೂತು, ಎದುರು ನೋಡುತ್ತಾ, ಹೇಳಿದ್ದನ್ನು ಹೇಳುವುದು ಕಲಿಕೆಯೇ? ಮಗು ಓಡಾಡಬೇಕು, ಮುಟ್ಟಬೇಕು, ತನ್ನ ವೇಗದಲ್ಲಿ ಕಲಿಯಬೇಕು. ಇಬ್ಬರು ಶಿಕ್ಷಕರು ಕೂಡಿ ಪಾಠ ಮಾಡಬೇಕು. ಇಂಗ್ಲೆಂಡಿನಲ್ಲಿ ಡೇವಿಡ್ ಮತ್ತು ಮೇರಿ ಮೆಡ್ ಎಂಬ ವಾಸ್ತುಶಿಲ್ಪಿ ದಂಪತಿ ಆಕ್ಸ್‌ಫರ್ಡ್‌ಶೈರಿನ ಫಿನ್ಮಿಯರ್ ಎಂಬ ಹಳ್ಳಿಗೆ 1959ರಲ್ಲಿ ಒಂದು ಪುಟ್ಟ ಶಾಲೆ ಮಾಡಿದರು. 1966ರಲ್ಲಿ ಲಂಡನ್ನಿನಲ್ಲಿ ಈವ್ಲಿನ್ ಲೋ ಶಾಲೆ ಬಂತು. ಅದು ಇರುವುದೂ ಸೌತ್‌ವರ್ಕಿನಲ್ಲೇ, ಲ್ಯಾಂಕಾಸ್ಟರನ ದೊಡ್ಡ ಕೋಣೆ ಇದ್ದ ಸೀಮೆಯಲ್ಲೇ. 1967ರಲ್ಲಿ ಪ್ಲೌಡೆನ್ ಸಮಿತಿಯ ವರದಿ ಇಂಥ ಶಾಲೆಗಳನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ ಫೋರ್ಡ್ ಪ್ರತಿಷ್ಠಾನದ ಹಣದಿಂದ 1958ರಲ್ಲಿ ಶಾಲಾ ಕಟ್ಟಡಗಳಿಗಾಗಿಯೇ ಒಂದು ಸಂಸ್ಥೆ ಹುಟ್ಟಿತು. 1965ರಲ್ಲಿ 'ಗೋಡೆಗಳಿಲ್ಲದ ಶಾಲೆಗಳು' ಎಂಬ ಅರ್ಥದ ಹೆಸರಿನ ವರದಿ ತಂದಿತು. ಆ ದಶಕದಲ್ಲಿ ಮಕ್ಕಳ ಸಂಖ್ಯೆ ಏರುತ್ತಿತ್ತು, ಒಳಗೋಡೆ ಇಲ್ಲದಿದ್ದರೆ ಕಟ್ಟಡ ಅಗ್ಗ. ಆದರ್ಶವೂ ಉಳಿತಾಯವೂ ಒಂದೇ ಕಡೆ ಎಳೆದರೆ ಕೇಳಬೇಕೇ?

ಆದರೆ ಮೆಡ್ ದಂಪತಿಯ ಶಾಲೆಯಲ್ಲಿ ಒಂದು ಸೂಕ್ಷ್ಮ ಇತ್ತು. ಅವರು ಗೋಡೆ ತೆಗೆದು ಬಯಲು ಮಾಡಿರಲಿಲ್ಲ. ಮೂಲೆಗಳು, ಒಳಸರಿದ ಜಾಗಗಳು, ಗದ್ದಲದ ಕೆಲಸಕ್ಕೆ ಒಂದು ಕಡೆ, ಓದಲಿಕ್ಕೆ ಇನ್ನೊಂದು ಕಡೆ. ಈವ್ಲಿನ್ ಲೋ ಶಾಲೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ನಿಶ್ಶಬ್ದ ಕೋಣೆಯೂ ಇತ್ತು. ಅಲ್ಲಿ ಮಗುವಿಗೆ ಯಾರ ಕಣ್ಣಿಗೂ ಬೀಳದೆ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಕೂರುವ ಜಾಗ ಸಿಗುತ್ತಿತ್ತು. ಇದನ್ನು ನೋಡಿ ನಕಲು ಮಾಡಿದವರು ಗೋಡೆ ತೆಗೆದದ್ದನ್ನು ಮಾತ್ರ ತೆಗೆದುಕೊಂಡರು, ಮೂಲೆಗಳನ್ನು ಬಿಟ್ಟರು. ಎಷ್ಟೋ ಕಡೆ ನೂರಕ್ಕೂ ಹೆಚ್ಚು ಮಕ್ಕಳು ಒಂದೇ ಕಾರ್ಪೆಟ್ ಹಾಸಿದ ಹಾಲಿನಲ್ಲಿ ಕೂತರು. ಕಾರ್ಪೆಟ್ ಗುಂಗನ್ನು ಹೀರುತ್ತದೆ ನಿಜ. ಆದರೆ ಪಕ್ಕದ ಗುಂಪಿನ ಟೀಚರ್ ಮಾತಾಡುವುದು ನೇರವಾಗಿ ಬರುವ ಸದ್ದು. ಅದನ್ನು ನೆಲದ ಹಾಸು ತಡೆಯುವುದಿಲ್ಲ.

ಟೀಚರುಗಳು ಏನು ಮಾಡಿದರು ಅನ್ನುತ್ತೀರಿ? ಬೀರುಗಳನ್ನು ಎಳೆದು ತಂದು ಅಡ್ಡ ಇಟ್ಟರು! ಪುಸ್ತಕದ ಕಪಾಟು, ಬೋರ್ಡು, ಫೈಲಿನ ಡಬ್ಬ, ಸಿಕ್ಕಿದ್ದೆಲ್ಲ ಗೋಡೆಯಾಯಿತು. 1970ರ ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ಶಾಲೆಗಳು ಒಂದೊಂದಾಗಿ ಗೋಡೆಗಳನ್ನು ವಾಪಸ್ ಕಟ್ಟತೊಡಗಿದವು. ಓದುವಾಗ ನಗು ಬಂತು. ನಮ್ಮೂರಲ್ಲಿ ದುಡ್ಡಿಲ್ಲದೆ ತಡಿಕೆ, ಅಲ್ಲಿ ದುಡ್ಡು ಖರ್ಚುಮಾಡಿ ಗೋಡೆ ತೆಗೆದು ಆಮೇಲೆ ತಡಿಕೆ.

*

ಸರಿ, ಸದ್ದಿನಿಂದ ಮಕ್ಕಳಿಗೆ ನಿಜವಾಗಿಯೂ ಎಷ್ಟು ನಷ್ಟ? "ಅಭ್ಯಾಸ ಆಗುತ್ತೆ ಬಿಡ್ರಿ" ಅನ್ನುವುದು ನಾವೆಲ್ಲ ಕೇಳಿದ ಮಾತು. ಇದಕ್ಕೆ ನ್ಯೂಯಾರ್ಕಿನ ಒಂದು ಶಾಲೆ ಉತ್ತರ ಕೊಟ್ಟಿತು. ಮ್ಯಾನ್‌ಹಟನ್ನಿನ ಪಬ್ಲಿಕ್ ಸ್ಕೂಲ್ 98ರ ಒಂದು ಪಕ್ಕದಲ್ಲೇ ಎತ್ತರಿಸಿದ ರೈಲು ಹಳಿ. ಸುಮಾರು ನಾಲ್ಕೂವರೆ ನಿಮಿಷಕ್ಕೊಮ್ಮೆ ರೈಲು. ಆಗ ಆ ಪಕ್ಕದ ಕೋಣೆಗಳಲ್ಲಿ ಸದ್ದು 89 ಡೆಸಿಬೆಲ್. ಪಾಠ ನಿಲ್ಲಿಸುವುದು, ರೈಲು ಹೋದ ಮೇಲೆ ಶುರುಮಾಡುವುದು. ಅರ್ಲೀನ್ ಬ್ರಾನ್‌ಜಾಫ್ಟ್ ಎಂಬ ಮನೋವಿಜ್ಞಾನಿ ತಮ್ಮ ಸಹೋದ್ಯೋಗಿಯ ಜೊತೆ ಸೇರಿ 1975ರಲ್ಲಿ ಎರಡೂ ಪಕ್ಕದ ಮಕ್ಕಳ ಓದನ್ನು ಹೋಲಿಸಿದರು. ಒಂದೇ ಶಾಲೆ, ಒಂದೇ ಪಠ್ಯ, ಒಂದೇ ಕೇರಿಯ ಮಕ್ಕಳು. ಹಳಿಯ ಪಕ್ಕದವರು ಆರನೇ ತರಗತಿಗೆ ಬರುವ ಹೊತ್ತಿಗೆ ಓದಿನಲ್ಲಿ ಒಂದು ವರ್ಷದಷ್ಟು ಹಿಂದೆ ಬಿದ್ದಿದ್ದರು!

ಇದರ ಮುಂದಿನ ಭಾಗ ನನಗೆ ಇನ್ನೂ ಇಷ್ಟ. ಆ ಗಲಾಟೆಯಿಂದಾಗಿ ರೈಲಿನವರು ಹಳಿಯ ಕೆಳಗೆ ರಬ್ಬರ್ ಮೆತ್ತೆ ಹಾಕಿದರು, ಶಾಲೆಯವರು ಆ ಕೋಣೆಗಳ ಒಳಮಾಡಿಗೆ ಸದ್ದು ಹೀರುವ ಹಲಗೆ ಹೊಡೆಸಿದರು. ಮತ್ತೆ ಅಳೆದು 1981ರಲ್ಲಿ ಪ್ರಕಟಿಸಿದಾಗ ಎರಡೂ ಪಕ್ಕದ ಮಕ್ಕಳ ನಡುವಿನ ವ್ಯತ್ಯಾಸ ಹೊರಟುಹೋಗಿತ್ತು. ಮಕ್ಕಳು ಅವರೇ ಕೇರಿಯವರು, ಟೀಚರೂ ಅದೇ ಶಾಲೆಯವರು. ಬದಲಾದದ್ದು ಹಳಿ ಮತ್ತು ಮಾಡು. ಜರ್ಮನಿಯ ಮ್ಯೂನಿಕ್‌ನಲ್ಲೂ ಹೀಗೇ ಆಯಿತು. 1992ರಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿ ಹೊಸದು ಬೇರೆ ಕಡೆ ಶುರುವಾಯಿತು. ಹಳೆಯದರ ಹತ್ತಿರದ ಮಕ್ಕಳ ಓದು, ನೆನಪು ಸುಧಾರಿಸಿತು. ಹೊಸದರ ಹತ್ತಿರದವರದು ಕುಸಿಯಿತು ಎಂದು 2002ರಲ್ಲಿ ವರದಿಯಾಯಿತು.

ದೊಡ್ಡವರಿಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ. ಯಾಕೆಂದರೆ ನಮಗೆ ಅರ್ಧ ಪದ ಕೇಳಿಸಿದರೆ ಉಳಿದರ್ಧವನ್ನು ತಲೆ ತುಂಬಿಸಿಕೊಳ್ಳುತ್ತದೆ. ಭಾಷೆ ಗೊತ್ತಿದೆ, ಸಂದರ್ಭ ಗೊತ್ತಿದೆ. ಮಗು ಆ ಪದವನ್ನು ಕಲಿಯಲೆಂದೇ ಅಲ್ಲಿ ಕೂತಿದೆ! ಗೊತ್ತಿಲ್ಲದ ಪದವನ್ನು ಅದು ಎಲ್ಲಿಂದ ತುಂಬಿಸೀತು? ಹಾಗಾಗಿ ಟೀಚರ ದನಿ ಸುತ್ತಲಿನ ಸದ್ದಿಗಿಂತ 15 ಡೆಸಿಬೆಲ್‌ನಷ್ಟಾದರೂ ಮೇಲಿರಬೇಕು ಅನ್ನುತ್ತಾರೆ. ಮನೆಮಾತು ಬೇರೆ ಇದ್ದು ಶಾಲೆಯ ಮಾತು ಬೇರೆ ಇರುವ ಮಗು, ನೆಗಡಿಯಿಂದ ಕಿವಿ ಕಟ್ಟಿದ ಮಗು, ಕಿವಿ ಸೋರುವ ಮಗು, ಇವರ ಪಾಡು ಇನ್ನೂ ಕಷ್ಟ. 2002ರಲ್ಲಿ ಅಮೆರಿಕದಲ್ಲಿ ತರಗತಿಗೆಂದೇ ಒಂದು ಮಾನಕ ಬಂತು. ಖಾಲಿ ಕೋಣೆಯ ಸದ್ದು 35 ಡೆಸಿಬೆಲ್ ಮೀರಬಾರದು, ಸಾಧಾರಣ ಅಳತೆಯ ಕೋಣೆಯ ಅನುರಣನ 0.6 ಸೆಕೆಂಡು ಮೀರಬಾರದು. 2003ರಲ್ಲಿ ಬ್ರಿಟನ್ನೂ ನಿಯಮ ತಂದಿತು. ಆದರೂ ಗೋಡೆ ತೆಗೆಯುವ ಆಸೆ ಹೋಗಿರಲಿಲ್ಲ. ನ್ಯೂಜಿಲೆಂಡಿನಲ್ಲಿ ಮತ್ತೆ ದೊಡ್ಡ ದೊಡ್ಡ ಹಾಲುಗಳ ಶಾಲೆಗಳು ಬಂದವು. ಇನ್ನು ಅಂಥವನ್ನು ಕಟ್ಟುವುದಿಲ್ಲವೆಂದು 2025ರಲ್ಲಿ ಅಲ್ಲಿನ ಸರ್ಕಾರವೇ ಹೇಳಬೇಕಾಯಿತು.

ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳಿವೆ. ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಹಗಲು 50 ಡೆಸಿಬೆಲ್ ಮಿತಿ. ಒಳ್ಳೆಯದೇ. ಆದರೆ ಅದು ಕಾಂಪೌಂಡಿನ ಆಚೆಯ ಲೌಡ್‌ಸ್ಪೀಕರು, ಹಾರ್ನುಗಳ ಮಾತು. ತಡಿಕೆಯ ಆಚೆಯ ಹದಿಮೂರರ ಮಗ್ಗಿ ಅದರ ಲೆಕ್ಕಕ್ಕೆ ಬರುವುದಿಲ್ಲ.

*

ಹಾಗಾದರೆ ಎಲ್ಲ ಕಡೆ ಗೋಡೆ ಕಟ್ಟಿಬಿಡಿ ಅಂತಲೇ? ಹಾಗೆ ಹೇಳಹೊರಟಾಗ ನನಗೆ 'ನಲಿ-ಕಲಿ' ನೆನಪಾಗುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳು ಶುರುಮಾಡಿದ್ದು. 2009ರಿಂದ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಐದು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ, ಮತ್ತೆ ಕೆಲವಕ್ಕೆ ಗೆಳೆಯರ ಸಹಾಯ, ಕೊನೆಯದು ಸ್ವಂತವಾಗಿ. ಮೇಲೆ ಹಗ್ಗ ಕಟ್ಟಿದ ಚಪ್ಪರದಲ್ಲಿ ಮಕ್ಕಳ ಚಿತ್ರಗಳು. ಗೋಡೆಯ ಕೆಳಗೆ, ಮಗುವಿನ ಕೈಗೆಟುಕುವ ಎತ್ತರದಲ್ಲಿ ಕರಿಹಲಗೆ. ಎಂಟು ವರ್ಷದ ಹುಡುಗ ಆರು ವರ್ಷದವಳಿಗೆ ಹೇಳಿಕೊಡುತ್ತಿರುತ್ತಾನೆ. ಮದರಾಸಿನ ಆ ಫ್ರಿಸ್ಕೆನ್‌ಗೂ ಇದಕ್ಕೂ ನೇರ ಸಂಬಂಧ ಇದೆ ಅಂತಲ್ಲ. ಆದರೂ ಸುತ್ತಿ ಸುತ್ತಿ ಇಲ್ಲಿಗೇ ಬಂದೆವಲ್ಲ ಅನ್ನಿಸುತ್ತದೆ.

ನಲಿ-ಕಲಿಯ ಕೋಣೆಯಲ್ಲೂ ಸದ್ದಿದೆ. ಆದರೆ ಅಲ್ಲಿ ಶಿಕ್ಷಕಿ ಗುಂಪಿನ ನಡುವೆಯೇ ಚಾಪೆಯ ಮೇಲೆ ಕೂತಿರುತ್ತಾರೆ. ಮಗುವಿಗೂ ಅವರಿಗೂ ಒಂದು ಮೀಟರ್. ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ ಅನ್ನುವುದು ಭೌತಶಾಸ್ತ್ರ. ಅಂದರೆ ನಾಲ್ಕು ಮೀಟರ್ ದೂರದ ಬೋರ್ಡಿನ ಹತ್ತಿರದಿಂದ ಎದ್ದು ಬಂದು ಪಕ್ಕದಲ್ಲಿ ಕೂತರೆ 12 ಡೆಸಿಬೆಲ್ ಪುಕ್ಕಟೆ ಸಿಕ್ಕಿತು! ಮಗುವಿಗೆ ಟೀಚರ ತುಟಿಯೂ ಕಾಣುತ್ತದೆ. ಕಿವಿ ಮಂದವಿದ್ದ ಮಗುವಿಗೆ ಅದೇ ಅರ್ಧ ಕಿವಿ. ಕಷ್ಟ ಬರುವುದು ಅದೇ ಸಿಮೆಂಟು ಕೋಣೆಯಲ್ಲಿ 35ರ ಬದಲು 60 ಮಕ್ಕಳು ಕೂತಾಗ, ಅಥವಾ ಅದೇ ಕೋಣೆಯ ಇನ್ನರ್ಧದಲ್ಲಿ ಐದನೇ ಕ್ಲಾಸಿಗೆ ಯಾರೋ ಸಮಾಜ ಪಾಠ ಹೇಳುತ್ತಿರುವಾಗ.

ಗೋಡೆ ಇರಬೇಕೋ ಬೇಡವೋ ಅನ್ನುವ ಜಗಳವೇ ತಪ್ಪು ಜಗಳ ಅಂತ ನನಗನ್ನಿಸುವುದು ಅದಕ್ಕೇ. ಕೇಳಬೇಕಾದ ಪ್ರಶ್ನೆ ಎರಡು. ಈ ಮಗುವಿಗೆ ಯಾರು ಕಾಣಬೇಕು, ಯಾರು ಕಾಣಬಾರದು? ಈ ಮಗುವಿಗೆ ಯಾರ ಮಾತು ಕೇಳಬೇಕು, ಯಾರದು ಕೇಳಬಾರದು? ಎರಡಕ್ಕೂ ಉತ್ತರ ಬೇರೆ ಬೇರೆ ಇರಬಹುದು, ಆಗ ಗೋಡೆಯೂ ಬೇರೆ ಬೇರೆ ಇರಬೇಕು. ಇನ್ನೂರು ವರ್ಷ ಮಾಸ್ತರನಿಗೆ ಯಾರು ಕಾಣಬೇಕು ಎಂದು ಮಾತ್ರ ಕೇಳುತ್ತಾ ಬಂದದ್ದರಿಂದಲೇ ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು ಆಯಿತು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಶಾಲೆಯ ಕಡೆ ಹೋಗಿದ್ದೆ. ತಡಿಕೆ ಇಲ್ಲ. ಅದರ ಜಾಗದಲ್ಲಿ ಇಟ್ಟಿಗೆಯ ಗೋಡೆ, ಮೇಲೆ ದಾನಿಗಳ ಹೆಸರು. ಖುಷಿಯಾಯಿತು. ತಲೆಯೆತ್ತಿ ನೋಡಿದೆ. ಗೋಡೆ ತೊಲೆಯ ಎತ್ತರಕ್ಕೆ ನಿಂತಿದೆ. ಅಲ್ಲಿಂದ ಹಂಚಿನ ತನಕ ಆರೇಳು ಅಡಿ ಖಾಲಿ. ಮಕ್ಕಳು ಒಬ್ಬರಿಗೊಬ್ಬರು ಕಾಣುವುದಿಲ್ಲ, ಮಾತು ಮಾತ್ರ ಗೋಡೆ ಹತ್ತಿ ಆಚೆ ಇಳಿಯುತ್ತದೆ. ಆ ಖಾಲಿ ಜಾಗ ಮುಚ್ಚಲು ಇನ್ನೆಷ್ಟು ಇಟ್ಟಿಗೆ ಬೇಕಿತ್ತೋ. ಕಟ್ಟಿಸಿದವರಿಗೆ ಮನಸ್ಸಿಲ್ಲದೆ ಅಲ್ಲ, ಗೋಡೆ ಅಂದರೆ ಕಾಣದಂತೆ ಮಾಡುವುದು ಅಂತಷ್ಟೇ ಅವರಿಗೂ ಹೊಳೆದಿರಬೇಕು.

ವಾಪಸ್ ಬರುವಾಗ ಆ ನನ್ನ ಹಳೆಯ ಗೆಳೆಯ ಸಿಕ್ಕಿದ. ಈಗ ಅಡಿಕೆ ಕೊನೆ ತೆಗೆಯುವುದರಲ್ಲಿ ಊರಿಗೇ ಹೆಸರುವಾಸಿ. ಮಾತಾಡುತ್ತಿರುವಾಗ ಅವನಿಗೊಂದು ಫೋನು ಬಂತು. ಎಡಗೈಯಲ್ಲಿದ್ದ ಮೊಬೈಲನ್ನು ಬಲಗೈಗೆ ದಾಟಿಸಿ ಬಲಗಿವಿಗೆ ಹಿಡಿದ. "ಎಡಗಿವಿ ಸಣ್ಣಂದಿನಿಂದಲೂ ಅಷ್ಟಕ್ಕಷ್ಟೇ ಮಾರಾಯ" ಅಂದ.

ನನಗೆ ಆಗ ಹೊಳೆಯಿತು. ಅವನು ಕೂರುತ್ತಿದ್ದದ್ದು ಸಾಲಿನ ಬಲತುದಿಯಲ್ಲಿ. ಟೀಚರ್ ನಿಲ್ಲುತ್ತಿದ್ದದ್ದು ಎಡಕ್ಕೆ, ಮೇಜಿನ ಹತ್ತಿರ. ಅವನ ಒಳ್ಳೆಯ ಕಿವಿ ಇದ್ದದ್ದು ತಡಿಕೆಯ ಕಡೆಗೆ. ಹದಿಮೂರರ ಮಗ್ಗಿ ಅವನಿಗೆ ಬಾರದೆ ಇನ್ನಾರಿಗೆ ಬರಬೇಕಿತ್ತು? ಅವನನ್ನು ಒಂದು ದಿನ ಎಡತುದಿಗೆ, ಟೀಚರ ಮೇಜಿನ ಪಕ್ಕಕ್ಕೆ, ಬಲಗಿವಿ ಅವರ ಕಡೆಗೆ ಬರುವ ಹಾಗೆ ಕೂರಿಸಿದ್ದರೆ ಸಾಕಿತ್ತು. ಒಂದು ಇಟ್ಟಿಗೆಯೂ ಬೇಕಿರಲಿಲ್ಲ.

ನಿಮ್ಮಲ್ಲಿ ಯಾರಾದರೂ ಮೇಷ್ಟ್ರು, ಟೀಚರುಗಳಿದ್ದರೆ ನಾಳೆ ಒಂದು ಕೆಲಸ ಮಾಡಿ. ಕ್ಲಾಸಿನ ಹಿಂದಿನ ಮೂಲೆಗೆ ಹೋಗಿ ಐದು ನಿಮಿಷ ಕಣ್ಣು ಮುಚ್ಚಿ ಕೂತು, ಏನೇನು ಕೇಳಿಸುತ್ತದೆ ನೋಡಿ. ಆಮೇಲೆ ಅಲ್ಲಿ ದಿನಾ ಕೂರುವ ಮಗು ಯಾವುದು ಅಂತಲೂ ನೋಡಿ.